ಮೂಗಿಗಿಂತ ಮೂಗುತಿ ಭಾರವೇ?

ಗೆಳೆಯರೊಬ್ಬರು ವರ್ಷಗಟ್ಟಲೆ ಹಣ ಕೂಡಿಟ್ಟು, ತಮ್ಮ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ 75 ಮಿ.ಮೀ. ಎಫ್ 1.4 ಲೆನ್ಸ್ ಕೊಂಡರು. ಮೊದಲ ರೋಲನ್ನು ಹಾಸಿಗೆ ಹಿಡಿದಿದ್ದ ತಾಯಿಗೇ ಮೀಸಲಿಟ್ಟರು. ರೋಲ್ ತೊಳೆದು ಬಂದಾಗ 36 ಚಿತ್ರಗಳ ಪೈಕಿ ಕಣ್ಣು ಸ್ಪಷ್ಟವಾಗಿದ್ದುದು ನಾಲ್ಕರಲ್ಲಿ ಮಾತ್ರ. ಉಳಿದವುಗಳಲ್ಲಿ ಕಿವಿಯ ಓಲೆ ಫಳಫಳ, ಕಣ್ಣು ಮಂಜುಮಂಜು! ಲೆನ್ಸಿನಲ್ಲಿ ದೋಷವಿರಲಿಲ್ಲ, ಕ್ಯಾಮೆರಾದಲ್ಲೂ ಇರಲಿಲ್ಲ. ಈ ಜೋಡಿ ಹೊಂದುತ್ತದೆಯೇ ಎಂಬುದೇ ಪ್ರಶ್ನೆ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ಯಾವುದು ಸ್ಪಷ್ಟ, ಯಾವುದು ಮಸುಕು ಎಂಬುದು ಕಣ್ಣಿಗೆ ಕಾಣುತ್ತದೆ. ರೇಂಜ್‌ಫೈಂಡರಿನಲ್ಲಿ ನೋಡುವುದು ಪಕ್ಕದ ಪುಟ್ಟ ಕಿಟಕಿಯಿಂದ. ಅಲ್ಲಿ ಎಲ್ಲವೂ ಸ್ಪಷ್ಟವೇ. ನಡುವಿನ ಚೌಕದಲ್ಲಿ ಕಾಣುವ ಎರಡು ಬಿಂಬಗಳು ಒಂದಾದರೆ ದೂರ ಸರಿಯಾಯಿತೆಂದು ಅರ್ಥ. 35 ಅಥವಾ 50 ಮಿ.ಮೀ. ಲೆನ್ಸಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ.

75 ಮಿ.ಮೀ. ಲೆನ್ಸನ್ನು ಎಫ್ 1.4ಕ್ಕೆ ತೆರೆದು ಒಂದು ಮೀಟರ್ ದೂರದಿಂದ ಚಿತ್ರ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.4 ಸೆಂ.ಮೀ. ಮಾತ್ರ. ಸಾಲದ್ದಕ್ಕೆ, ಫೋಕಸ್ ಚೌಕ ಇರುವುದು ನಟ್ಟನಡುವೆ. ಅದನ್ನು ಕಣ್ಣಿಗೆ ಹಿಡಿದು, ಬಳಿಕ ಚೌಕಟ್ಟು ಹೊಂದಿಸಲು ಕ್ಯಾಮೆರಾವನ್ನು ಹತ್ತು ಸೆಂ.ಮೀ.ಯಷ್ಟು ಕೆಳಕ್ಕೆ ವಾಲಿಸಿದರೆ, ಫೋಕಸ್ ಅರ್ಧ ಸೆಂ.ಮೀ.ನಷ್ಟು ಜಾರುತ್ತದೆ. ಅಜ್ಜಿ ಉಸಿರೆಳೆದು ತುಸು ಮುಂದೆ ಬಾಗಿದರೂ ಕೆಲಸ ಕೆಟ್ಟಂತೆಯೇ!

ಕ್ಯಾಮೆರಾದ ಮಾದರಿಯೂ ಮುಖ್ಯ. 1954ರ ಲೈಕಾ ಎಂ3 ಕ್ಯಾಮೆರಾದ ಕಿಟಕಿ ದೃಶ್ಯವನ್ನು ಹೆಚ್ಚುಕಡಿಮೆ ನಿಜಗಾತ್ರದಲ್ಲೇ (0.91) ತೋರಿಸುತ್ತದೆ. 1984ರ ಎಂ6ರಲ್ಲಿ ಅದು 0.72. ಕಿಟಕಿಯ ಗಾತ್ರ ಕುಗ್ಗಿದಷ್ಟೂ ಬಿಂಬ ಕೂಡಿಸುವ ನಿಖರತೆ ಕುಗ್ಗುತ್ತದೆ. ಆದರೆ ಎಂ3ರಲ್ಲಿ 75ರ ಚೌಕಟ್ಟಿನ ಗೆರೆಯೇ ಇಲ್ಲ. ಇರುವುದು 50, 90 ಮತ್ತು 135ಕ್ಕೆ ಮಾತ್ರ. 1980ರಲ್ಲಿ ಬಂದ 75 ಮಿ.ಮೀ. ಸುಮಿಲಕ್ಸ್ ಅರ್ಧ ಕೆ.ಜಿ.ಗೂ ಮೀರಿದ ಗಟ್ಟಿ ಆಸಾಮಿ. ತೂಕದಲ್ಲಿ ಕ್ಯಾಮೆರಾಕ್ಕೆ ಸರಿಸಮ, ಮೇಲಾಗಿ ಕಿಟಕಿಯ ಒಂದು ಮೂಲೆಯನ್ನೂ ಮರೆಮಾಡುತ್ತದೆ.

ಹಾಗೆಂದು ಕೈಬಿಡಬೇಕೆ? ಅವಸರ ಬೇಡ. ಎಸ್‌ಎಲ್‌ಆರ್‌ನಲ್ಲಿ ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಕಣ್ಣಿಗೆ ಕತ್ತಲೆ. ರೇಂಜ್‌ಫೈಂಡರಿನಲ್ಲಿ ಆ ಕ್ಷಣದ ಮುಖಭಾವವೂ ಕಾಣುತ್ತದೆ. ಸದ್ದೂ ಕಡಿಮೆ. ದೀಪದ ಮಂದ ಬೆಳಕಿನಲ್ಲಿ, ಎದುರಿನವರ ಮೌನ ಕೆಡಿಸದೆ ಚಿತ್ರ ತೆಗೆಯುವವರಿಗೆ ಇದು ಸಣ್ಣ ಲಾಭವಲ್ಲ.

ಕೊಳ್ಳುವ ಮುನ್ನ ಲೆನ್ಸನ್ನು ಒಂದು ದಿನ ಎರವಲು ತನ್ನಿ. ದಿನಪತ್ರಿಕೆಯೊಂದನ್ನು ಓರೆಯಾಗಿ ಒರಗಿಸಿ, ಒಂದು ಸಾಲಿಗೆ ಗುರುತು ಹಾಕಿ, ಎಫ್ 1.4ರಲ್ಲಿ ಹತ್ತು ಬಾರಿ ಹೊಸದಾಗಿ ಫೋಕಸ್ ಮಾಡಿ ತೆಗೆಯಿರಿ. ಪ್ರತಿಸಲವೂ ಒಂದೇ ಕಡೆಗೆ ತಪ್ಪಿದರೆ ಕ್ಯಾಮೆರಾ ಅಥವಾ ಲೆನ್ಸಿಗೆ ರಿಪೇರಿ ಬೇಕು. ಅತ್ತಿತ್ತ ತಪ್ಪಿದರೆ ಅದು ನಿಮ್ಮ ಕಣ್ಣು–ಕೈಗಳ ಮಿತಿ. ನಿಮ್ಮ ಹಳೆಯ ಚಿತ್ರಗಳನ್ನೂ ತಿರುವಿಹಾಕಿ. ಎರಡು ಮೀಟರ್ ದೂರ, ಎಫ್ 2.8 ನಿಮ್ಮ ರೂಢಿಯಾಗಿದ್ದರೆ ಆಳ ಸುಮಾರು 11 ಸೆಂ.ಮೀ. ಸಿಗುತ್ತದೆ, ಒಂದು ಮುಖಕ್ಕೆ ಅಷ್ಟು ಸಾಕು. ಅಂಥವರಿಗೆ ಎಫ್ 2.8ರ ಹಗುರ ಲೆನ್ಸೇ ಲೇಸು, ಹಣವೂ ಉಳಿತಾಯ. ಎಫ್ 1.4 ಬೇಕೇಬೇಕು ಎನ್ನುವವರು ಎಸ್‌ಎಲ್‌ಆರ್ ಅನ್ನೋ, ಲೆನ್ಸ್ ಕಂಡದ್ದನ್ನೇ ಪರದೆಯಲ್ಲಿ ತೋರಿಸುವ ಡಿಜಿಟಲ್ ರೇಂಜ್‌ಫೈಂಡರನ್ನೋ ನೋಡುವುದು ಒಳಿತು.

ಗೆಳೆಯರು ಆ ಲೆನ್ಸನ್ನು ಮಾರಿಬಿಟ್ಟರು. ತಾಯಿ ಈಗಿಲ್ಲ. ಆ ನಾಲ್ಕು ಚಿತ್ರಗಳಲ್ಲಿ ಒಂದು ಅವರ ನಡುಮನೆಯ ಗೋಡೆಯಲ್ಲಿದೆ. "ಆ ದಿನ 50 ಎಂ.ಎಂ. ಹಾಕಿದ್ದರೆ ಇಪ್ಪತ್ತಾದರೂ ಇರುತ್ತಿದ್ದವು" ಎನ್ನುತ್ತಾರೆ.