ಹಂಚಿ ಉಣ್ಣುವ ದ್ವೀಪಗಳು

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ 9 ದ್ವೀಪಗಳ ಸಮೂಹ ಅಜೋರ್ಸ್. ಮೀನು, ಮೆಕ್ಕೆಜೋಳದ ರೊಟ್ಟಿ, ಸೊಪ್ಪಿನ ಸಾರು, ಕೆಸುವಿನ ಗಡ್ಡೆ ಅಲ್ಲಿನ ಕುಟುಂಬಗಳ ಪರಂಪರಾಗತ ಆಹಾರ. ಫುರ್ನಾಸ್ ಎಂಬಲ್ಲಿ ಮಾಂಸ, ತರಕಾರಿ ತುಂಬಿದ ಪಾತ್ರೆಯನ್ನು ಜ್ವಾಲಾಮುಖಿಯ ಬಿಸಿನೆಲದಲ್ಲಿ ಹೂತು ಸುಮಾರು 6 ತಾಸು ಬೇಯಿಸುವರು. ಇಂತಹ ಊಟವೇ ದೀರ್ಘಾಯುಷ್ಯದ ಗುಟ್ಟೆಂದು ಹೇಳಿಬಿಡುವುದು ಸುಲಭ. ಆದರೆ ಅಜೋರ್ಸಿನವರ ಸರಾಸರಿ ಆಯುಷ್ಯ ಮುಖ್ಯ ಭೂಭಾಗದವರಿಗಿಂತ ಕಡಿಮೆ. ಬಾಳಿಗೆ ಸದಾಹಾರ ಅವಶ್ಯ, ಅದೊಂದೇ ಸಾಲದು.

ಪೆಂತೆಕೋಸ್ತ್ ಹಬ್ಬದ ದಿನಗಳಲ್ಲಿ ಅದೇ ದ್ವೀಪವಾಸಿಗಳು ಪವಿತ್ರಾತ್ಮರ ಹೆಸರಿನಲ್ಲಿ ರೊಟ್ಟಿ, ಮಾಂಸದ ಸಾರನ್ನು ಬಡವರಿಗೂ ನೆರೆಯವರಿಗೂ ಹಂಚುತ್ತಾರೆ. ಶತಮಾನಗಳಿಂದ ಬಂದ ಈ ಪದ್ಧತಿಯನ್ನು ಅಮೆರಿಕ, ಕೆನಡಾಗಳಿಗೆ ವಲಸೆ ಹೋದವರೂ ಬಿಟ್ಟಿಲ್ಲ. ಪ್ರಿಯ ಓದುಗರೇ, ವೃದ್ಧರು ಒಂಟಿಯಾಗಿ ಉಣ್ಣುವ ಮನೆಯಲ್ಲಿ ಆಯುಷ್ಯ ಬೆಳೆದಷ್ಟೂ ಭಾರವಾಗುತ್ತದೆ. ಇಂದು ರಾತ್ರಿ ಅವರಿಗೆ ಬಡಿಸಿ, ಜೊತೆಯಲ್ಲೇ ಉಣ್ಣೋಣ.