ಮನಸೂರರ ಮನೆ ‘ಮೃತ್ಯುಂಜಯ’

ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಕೆಲಸ ಅರಸಿ ಬಂದವರಿಗೆ ಧಾರವಾಡವೆಂದರೆ ಹೈಕೋರ್ಟ್ ಪೀಠ, ಟಾಟಾ ಬಸ್ ಕಾರ್ಖಾನೆ, ಊರಿಗೆ ಹೋಗುವಾಗ ಕಟ್ಟಿಸಿಕೊಳ್ಳುವ ಒಂದು ಪೊಟ್ಟಣ ಪೇಡೆ. ರಜೆಯ ದಿನ ಪೇಟೆಯ ಕಡೆ ಹೋದರೆ ನೋಡುವಂಥದ್ದು ಏನಿದೆ ಎಂದು ಅವರು ಕೇಳಿದರೆ ನಾನು ಮೊದಲು ಹೇಳುವುದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆಯನ್ನು.

ಗಾಯಕರ ನೆನಪಿಗೆ ಉದ್ಯಾನದಲ್ಲೊಂದು ಪ್ರತಿಮೆ ನಿಲ್ಲಿಸುವುದು ನಮ್ಮ ಊರುಗಳ ರೂಢಿ. ಜಯಂತಿಗೊಂದು ಹಾರ, ಉಳಿದ ದಿನ ಕಾಗೆಗಳ ಪಾಲು. ಮನಸೂರರಿಗೆ ಆ ಗತಿ ಬರಲಿಲ್ಲ. ಅವರು ಬಾಳಿದ ‘ಮೃತ್ಯುಂಜಯ’ ಎಂಬ ಮನೆಯೇ ಸ್ಮಾರಕವಾಯಿತು. ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿಯನ್ನು ಬಲ್ಲವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ.

ಅಲ್ಲಿ ಭಾವಚಿತ್ರಗಳಿವೆ, ಪ್ರಶಸ್ತಿಗಳಿವೆ. ಪ್ರಶಸ್ತಿಗಳ ಎದುರು ಹೆಚ್ಚು ಹೊತ್ತು ನಿಲ್ಲಬೇಡಿ. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಿನಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಅವರು ಏನಾಗಿದ್ದರು ಎಂಬುದು ಈ ಬಿಲ್ಲೆಗಳಿಗಿಂತ ಎಷ್ಟೋ ಮೊದಲೇ ತೀರ್ಮಾನವಾಗಿತ್ತು.

ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ, ಒಕ್ಕಲುತನದ ಮನೆಯಲ್ಲಿ. ಅಣ್ಣ ಬಸವರಾಜ ನಾಟಕದವರು. ತಮ್ಮನೂ ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿದ. ರಂಗದ ಮೇಲೆ ಹುಡುಗನ ಕಂಠ ಕೇಳಿದ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಪಾಠ ಹೇಳಿದರು. ಮುಂದೆ ಮಿರಜದಲ್ಲಿ ನೀಲಕಂಠಬುವಾ ಅವರ ಬಳಿ ಗ್ವಾಲಿಯರ್ ಗಾಯಕಿ. ಎಚ್‌ಎಂವಿ ಧ್ವನಿಮುದ್ರಿಕೆಗಳು ಬಂದು ನಾಲ್ಕು ಜನ ಗುರುತಿಸುವಂತಾದ ಮೇಲೂ ಈ ಮನುಷ್ಯ ಮತ್ತೆ ಶಿಷ್ಯನಾಗಿ ಕುಳಿತರು. ಗುರು ಅಲ್ಲಾದಿಯಾಖಾನರ ಮಗ ಮಂಜಿಖಾನರು. ಆ ಪಾಠ ಬಹುಕಾಲ ನಡೆಯಲಿಲ್ಲ. 1937ರಲ್ಲಿ ಗುರುವೇ ತೀರಿಹೋದರು. ಹಾಡು ಕೈಬಿಡದೆ ಅವರ ತಮ್ಮ ಭೂರ್ಜಿಖಾನರಲ್ಲಿ ತಾಲೀಮು ಮುಂದುವರಿಸಿದರು. ಹೆಸರು ಬಂದ ಮೇಲೆ ಕಲಿಯುವ ಈ ಛಲವೇ ನನಗೆ ಅವರ ಬದುಕಿನ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೀಗೆ ದಕ್ಕಿದ್ದು ಜಯಪುರ-ಅತ್ರೌಲಿ ಘರಾಣೆ. ಅದರಲ್ಲಿ ಆಲಾಪವೂ ತಾಳದ ಜೊತೆಗೇ ಸಾಗುತ್ತದೆ, ಲಯವನ್ನು ಬಿಟ್ಟು ಅಲೆಯುವುದಿಲ್ಲ. ಶುದ್ಧ ನಟ, ಬಿಹಾರಿ, ಲಚ್ಛಾಸಾಖ, ಖಟ್, ಶಿವಮತ ಭೈರವ: ಬೇರೆಯವರು ಅಪರೂಪಕ್ಕೆ ಮುಟ್ಟುವ ರಾಗಗಳು ಮನಸೂರರಿಗೆ ನಿತ್ಯದ ಬಳಕೆ. ಒಂದು ತಾನಿನ ಬಾಲ ಹಿಡಿದೇ ಇನ್ನೊಂದು ಹೊರಡುತ್ತದೆ, ಕೇಳುವವರು ಉಸಿರು ಬಿಡುವಷ್ಟರಲ್ಲಿ ಅವರು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಮುಟ್ಟಿರುತ್ತಾರೆ. ಇದೇ ಕಂಠ ವಚನಗಳನ್ನೂ ಹಾಡಿತು, ಅದರಿಂದಲೇ ರಾಗದ ಹೆಸರು ಗೊತ್ತಿಲ್ಲದ ಮನೆಗಳಿಗೂ ತಲುಪಿತು.

ಗಾಯಕ ಭೀಮಸೇನ ಜೋಶಿ ಪುಣೆಗೆ ಹೋಗಿ ನೆಲೆಸಿದರು. ಮನಸೂರರು ಧಾರವಾಡ ಬಿಡಲಿಲ್ಲ. ಇಲ್ಲಿನ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಹಾಗಾಗಿ ಈ ಊರಲ್ಲಿ ಅವರ ಮನೆಯೇ ಸ್ಮಾರಕವಾದದ್ದು ಸರಿಯಾಗಿದೆ. ಆದರೆ ಮನೆಯನ್ನು ಸ್ಮಾರಕ ಮಾಡಿದ ಮಾತ್ರಕ್ಕೆ ಅದು ಉಳಿಯುತ್ತದೆ ಎನ್ನುವಂತಿಲ್ಲ. ಇದೇ ಊರಿನ ಶುಕ್ರವಾರಪೇಟೆಯಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ ಮನೆಗೂ ಸ್ಮಾರಕದ ಪಟ್ಟ ಸಿಕ್ಕಿತ್ತು, ನಿಗಾ ಇಲ್ಲದೆ ಅದು ಹಾಳುಬಿತ್ತು. ಪ್ರತಿಮೆಗಾದರೆ ಹಾರ ಹಾಕಿದರೂ ನಡೆಯುತ್ತದೆ. ಮನೆಗೆ ಹೆಂಚು, ಸುಣ್ಣ, ದೀಪ ಎಲ್ಲ ಬೇಕು, ಬಂದು ಹೋಗುವ ಜನ ಬೇಕು.

ಬೇಲೂರಿನಿಂದ ಹೊರಡುವವರು ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅವರ ಬಿಹಾರಿಯೊಂದನ್ನು ಪೂರ್ತಿ ಕೇಳಿ. ಕನ್ನಡ ಓದುವವರಾದರೆ ಅವರ ಆತ್ಮಕಥೆ ‘ನನ್ನ ರಸಯಾತ್ರೆ’ ಇದೆ. ಸಂಜೆಯವರೆಗೆ ಬಿಡುವಿದ್ದರೆ ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೂ ಹೋಗಿಬನ್ನಿ. ಗಂಗೂಬಾಯಿಯವರ ಮನೆ ‘ಗಂಗಾಲಹರಿ’ ಇರುವುದು ಅಲ್ಲಿ.