ಕನ್ನಡ ಕಾದಂಬರಿಗಳಲ್ಲಿ ಸಂಪ್ರದಾಯವೂ ಸ್ತ್ರೀಸ್ವಾತಂತ್ರ್ಯವೂ

ಹೆಣ್ಣುಮಕ್ಕಳು ವಿದ್ಯೆ ಕಲಿತರೆ ಮನೆತನದ ಮರ್ಯಾದೆ ಸಡಿಲಾಗುವದೆಂಬ ಅಂಜಿಕೆಯು ನಮ್ಮ ನಾಡಿನಲ್ಲಿ ಬಹುಕಾಲ ನೆಲೆಸಿದ್ದಿತು. ಈ ಅಂಜಿಕೆಗೆ ಆಧಾರವುಂಟೋ ಇಲ್ಲವೋ ಎಂಬದನ್ನು ನಮ್ಮ ಕಾದಂಬರಿಕಾರರು ಒಂದು ಶತಮಾನಕ್ಕೂ ಮಿಕ್ಕಿ ವಿಚಾರಿಸುತ್ತ ಬಂದಿರುವರು. ಅಂಥ ಮೂರು ಗ್ರಂಥಗಳನ್ನು ಪ್ರಿಯ ಸೋದರಿಯರ ಮತ್ತು ಪಾಲಕರ ಮುಂದಿಡುವದು ಈ ಲೇಖನದ ಉದ್ದೇಶ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಇದಕ್ಕೆ ಹೆಸರು. ಬಾಲವಿಧವೆಯಾದ ಇಂದಿರೆಯು ತವರಿನಲ್ಲಿಯ ಕಪಟಭಕ್ತಿಗೆ ಬೇಸತ್ತು ಮನೆ ಬಿಟ್ಟು, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಪಡೆದು, ಪುನರ್ವಿವಾಹವಾಗುವಳು. ಅವಳು ತೊರೆದದ್ದು ಧರ್ಮದ ಹೆಸರಿನಲ್ಲಿ ನಡೆದ ಅಧರ್ಮವನ್ನು. ‘ಸದ್ಧರ್ಮ ವಿಜಯವು’ ಎಂಬ ಗ್ರಂಥದ ಇನ್ನೊಂದು ಹೆಸರೇ ಇದಕ್ಕೆ ಸಾಕ್ಷಿ.

ನಂಜನಗೂಡು ತಿರುಮಲಾಂಬಾ (1887–1982) ಅವರು ಎಳೆಯ ಪ್ರಾಯದಲ್ಲಿಯೇ ವೈಧವ್ಯ ಹೊಂದಿದವರು. ಅವರ ‘ಸುಶೀಲೆ’ (1913) ಪತಿವ್ರತೆಯ ಕಥೆ. ನಾಯಿಕೆಯು ದಾರಿ ತಪ್ಪಿದ ಗಂಡನನ್ನು ತಾಳ್ಮೆಯಿಂದ ತಿದ್ದುವಳು. ಇದರಿಂದ ಲೇಖಿಕೆಯು ಕೇವಲ ಹಳೆಯ ದಾರಿಯವರೆಂದು ಭಾವಿಸಲಾಗದು. ತಾವೇ ಬರೆದು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಹೊರಡಿಸಿ, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದ ಅವರ ಬಾಳು ನಾಯಿಕೆಯ ಬಾಳಿಗಿಂತ ಸ್ವತಂತ್ರವಾಗಿದ್ದಿತು. ಹಳೆಯ ಆದರ್ಶದ ಕಥೆಯೇ ಹೆಣ್ಣಿನ ಬರಹಕ್ಕೆ ಮನೆಮನೆಯ ಬಾಗಿಲು ತೆರೆಯಿತು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಲೆನಾಡಿನ ಬಾಲವಿಧವೆಯೊಬ್ಬಳ ಜೀವನಚಿತ್ರ. ಆಕೆ ಮಡಿಯನ್ನಾಗಲಿ ವ್ರತವನ್ನಾಗಲಿ ಬಿಟ್ಟವಳಲ್ಲ. ಆದರೂ ತರುಣ ವಿಧವೆಯಾದ ದಾಕ್ಷಾಯಿಣಿಯು ಕೇಶಮುಂಡನಕ್ಕೆ ಒಲ್ಲೆನೆಂದಾಗ ಅವಳ ಪಕ್ಷವನ್ನೇ ಹಿಡಿಯುವಳು. ತಾನು ಸಹಿಸಿದ್ದನ್ನು ಇನ್ನೊಬ್ಬಳೂ ಸಹಿಸಲೇಬೇಕೆಂಬ ಹಟವು ಆಕೆಯಲ್ಲಿಲ್ಲ. ಹಿರಿಯರಾದವರಿಗೆ ಇದಕ್ಕಿಂತ ದೊಡ್ಡ ಗುಣ ಯಾವದು?

ಅಮೀನಗಡಕ್ಕೆ ಸಮೀಪವಾದ ಇಳಕಲ್ಲಿನ ಸೀರೆಯನ್ನು ನಮ್ಮ ವಾಚಕಿಯರೆಲ್ಲರೂ ಬಲ್ಲರು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವರು. ರೂಢಿಯನ್ನೂ ಸ್ವಾತಂತ್ರ್ಯವನ್ನೂ ಕೂಡಿಸುವದು ಇಂಥದೇ ಸೂಕ್ಷ್ಮದ ಕೆಲಸ. ಅದನ್ನು ಬಲವಂತದಿಂದ ಮಾಡಲಾಗದು.

ಆದುದರಿಂದ ತಾಯಿತಂದೆಗಳು ಮಗಳಿಗೆ ಯಾವ ರೂಢಿಯನ್ನು ಕಲಿಸಿದೆವೆಂದು ಎಣಿಸುವದರ ಜೊತೆಗೆ, ಅದರಲ್ಲಿ ಸಾರವಾವುದು, ಹೊಟ್ಟಾವುದು ಎಂದು ಆರಿಸುವ ವಿವೇಕವನ್ನೂ ಅವಳಿಗೆ ಕೊಟ್ಟೆವೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕದ್ದು. ವಿದ್ಯೆಯ ಫಲವು ಆ ವಿವೇಕವೇ.